ಸೆಪ್ಸಿಸ್ ರೋಗಿಯ ಕರುಳಿಗೆ ಸಸ್ಯಸತ್ವ ಬೇಕೇ?

ಪರ
(ತುಮಕೂರಿನ ಸಸ್ಯರಸಾಯನ ಅಧ್ಯಾಪಕರು)

ಸೋಂಕಿಗೆ ದೇಹ ವಿಪರೀತವಾಗಿ ಪ್ರತಿಕ್ರಿಯಿಸಿ ತನ್ನ ಅಂಗಗಳಿಗೇ ಹಾನಿ ಮಾಡಿಕೊಳ್ಳುವುದು ಸೆಪ್ಸಿಸ್. ಅದು ಎಂದೊಡನೆ ಬಿಪಿ, ಶ್ವಾಸಕೋಶ, ಕಿಡ್ನಿ ನೋಡುತ್ತಾರೆ. ಕರುಳನ್ನು ಕೇಳುವವರಿಲ್ಲ. ಕರುಳಿನ ಒಳಪೊರೆ ಎಂದರೆ ಒಂದೇ ಸಾಲು ಕೋಶ. 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತದೆ. ಕೋಶಗಳ ನಡುವಿನ ಸಂದನ್ನು ಆಕ್ಲುಡಿನ್, ಕ್ಲಾಡಿನ್ ಪ್ರೋಟೀನುಗಳು ಹೊಲಿದಂತೆ ಬಿಗಿದಿರುತ್ತವೆ. ಸೋಂಕು ವಿಪರೀತವಾದಾಗ ದೇಹ ಕರುಳಿನ ಪಾಲಿನ ರಕ್ತ ಕಡಿದು ಹೃದಯ, ಮಿದುಳಿಗೆ ಕಳಿಸುತ್ತದೆ. ಹೊಲಿಗೆ ಬಿಚ್ಚಿ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಜಿನುಗುತ್ತದೆ.

ಮರದರಿಶಿನದ ಕಾಂಡ ಅಡ್ಡ ಕೊಯ್ದರೆ ಕಾಣುವ ಹಳದಿಯಲ್ಲಿ ಬರ್ಬೆರಿನ್ ಎಂಬ ಸತ್ವ ಇದೆ. ಪ್ರಯೋಗಾಲಯದ ಕೋಶಗಳಲ್ಲಿ, ಇಲಿಗಳಲ್ಲಿ ಅದು ಉರಿಯೂತ ತಗ್ಗಿಸಿ ಆ ಹೊಲಿಗೆ ಉಳಿಸಿದೆ. ಪಾವಗಡ, ಶಿರಾ ಸೀಮೆಯಲ್ಲಿ ಹಣ್ಣು ತಿಂದು ಬಿಸಾಡುವ ದಾಳಿಂಬೆ ಸಿಪ್ಪೆಯ ಪ್ಯುನಿಕಲಾಜಿನ್ ಎಂಬ ಸತ್ವ ಕರುಳಲ್ಲಿ ಒಡೆದು ಯುರೋಲಿಥಿನ್ ಎಂಬ ಬೇರೆ ವಸ್ತು ಆಗುತ್ತದೆ. ಅದರದ್ದೂ ಇದೇ ಗುಣ.

ಬಾಯಿಂದ ಕೊಟ್ಟ ಬರ್ಬೆರಿನ್‌ನಲ್ಲಿ ಶೇ. 1ರಷ್ಟೂ ರಕ್ತಕ್ಕೆ ಸೇರುವುದಿಲ್ಲ ಎಂಬುದು ಡಾಕ್ಟರುಗಳ ಕಾಯಂ ತಕರಾರು. ಸೇರದಿದ್ದರೇ ಒಳ್ಳೆಯದಲ್ಲವೇ ಸ್ವಾಮಿ? ರಿಪೇರಿ ಆಗಬೇಕಿರುವುದು ಕರುಳಿನ ಗೋಡೆ. ಮದ್ದು ಕರುಳಲ್ಲೇ ಉಳಿಯಲಿ! ‘ಇಲಿ ಪ್ರಯೋಗ’ ಎಂದು ಮೂಗು ಮುರಿಯುವವರು 1987ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಪ್ರಯೋಗ ನೋಡಲಿ. ಇ. ಕೋಲಿ ಬ್ಯಾಕ್ಟೀರಿಯಾದಿಂದ ಭೇದಿಯಾದ ದೊಡ್ಡವರಿಗೆ 400 ಮಿಲಿಗ್ರಾಂ ಬರ್ಬೆರಿನ್ ಒಂದೇ ಸಲ ಕೊಟ್ಟಿದ್ದಕ್ಕೆ ಭೇದಿಯ ಪ್ರಮಾಣ ಚೆನ್ನಾಗಿಯೇ ಇಳಿಯಿತು. ಅವರು ಇಲಿಗಳಲ್ಲ. ಮತ್ತೆ ಹೇಳುತ್ತೇನೆ, ಮದ್ದು ಕರುಳಲ್ಲೇ ಉಳಿಯಲಿ.

ವಿರೋಧ
(ಕೋಲಾರದ ತೀವ್ರನಿಗಾ ವೈದ್ಯರು)

ವಿರೋಧ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಮರದರಿಶಿನದ ಮೇಲೆ ನನಗೇನೂ ಸಿಟ್ಟಿಲ್ಲ. ಬಾಂಗ್ಲಾದ ಪ್ರಯೋಗವೂ ಸರಿಯೇ. ಆದರೆ ಅದು ಭೇದಿಯದು, ಸೆಪ್ಸಿಸ್‌ನದಲ್ಲ.

ಇಲಿಗಳಿಗೆ ಬಹುಪಾಲು ಸೋಂಕು ತಗುಲಿಸುವ ಮೊದಲೇ ಸತ್ವ ಕುಡಿಸಿರುತ್ತಾರೆ. ರೋಗಿ ನಮ್ಮ ಕೈಗೆ ಬರುವುದು ಬಿಪಿ ಬಿದ್ದ ಮೇಲೆ. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಮದ್ದು ರಕ್ತನಾಳದಲ್ಲಿ ಓಡುತ್ತಿರುವಾಗ ಹೊಟ್ಟೆಯ ಚಲನೆ ಮಂದ. ಮೂಗಿನ ನಳಿಕೆಯಿಂದ ಹಾಕಿದ ಕಷಾಯ ಜಠರದಲ್ಲೇ ನಿಂತು, ಮೇಲಕ್ಕೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸರಿಯಾಗಿ ಸೋಸದಿದ್ದರೆ ಚರಟ ನಳಿಕೆಯನ್ನೇ ಕಟ್ಟುತ್ತದೆ. ಯುರೋಲಿಥಿನ್ ತಯಾರಿಸುವುದು ಕರುಳಿನ ಬ್ಯಾಕ್ಟೀರಿಯಾ. ಆಂಟಿಬಯಾಟಿಕ್ ಹರಿಸಿದ ಮೇಲೆ ಅವು ಎಷ್ಟು ಉಳಿದಿರುತ್ತವೆ? ಬರ್ಬೆರಿನ್ ಮದ್ದುಗಳನ್ನು ಒಡೆಯುವ ಸಿವೈಪಿ3ಎ4 ಕಿಣ್ವವನ್ನು ತಡೆಯುವುದರಿಂದ, ಕಿಡ್ನಿ ಕಸಿಯಾದವರ ರಕ್ತದಲ್ಲಿ, ಕಸಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್ ಏರುತ್ತದೆ. ಹಸುಗೂಸಿಗಂತೂ ಕೊಡಲೇಬಾರದು, ಕಾಮಾಲೆ ಕೆರಳುತ್ತದೆ.

ಷಾಕ್ ಆಗಿದ್ದರೆ, ಅಂದರೆ ಬಿಪಿ ಕುಸಿದಿದ್ದರೆ, ರಕ್ತವನ್ನು ಕಲ್ಚರ್‌ಗೆ (ಯಾವ ರೋಗಾಣು ಎಂದು ಬೆಳೆಸಿ ನೋಡುವ ಪರೀಕ್ಷೆಗೆ) ತೆಗೆದು ಒಂದು ಗಂಟೆಯೊಳಗೆ ಆಂಟಿಬಯಾಟಿಕ್. 3 ಗಂಟೆಯೊಳಗೆ ತೂಕದ ಪ್ರತಿ ಕೆಜಿಗೆ 30 ಮಿಲಿ ಡ್ರಿಪ್. ಬಿಪಿ ಸ್ಥಿರವಾದ ಮೇಲೆ, 72 ಗಂಟೆಯೊಳಗೆ, ನಳಿಕೆಯಲ್ಲಿ ತೆಳು ಆಹಾರ, ಗಂಟೆಗೆ 10–20 ಮಿಲಿಯಿಂದ ಶುರು. ಕರುಳಿನ ಪೊರೆಯ ಕೋಶಗಳು ಒಳಗೆ ಹರಿಯುವ ಊಟದಿಂದಲೂ ಬದುಕುತ್ತವೆ.

ಬರೀ ಭೇದಿಯಾದರೆ ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ. ಒಂದು ಲೋಟಕ್ಕೆ ಇಡೀ ಪೊಟ್ಟಣ ಸುರಿದರೆ ಗಟ್ಟಿ ದ್ರಾವಣ ನೀರನ್ನು ಕರುಳಿಗೆ ಸೆಳೆದು ಭೇದಿ ಹೆಚ್ಚಿಸುತ್ತದೆ. ಮಾತು ತೊದಲಿ, ಮೂತ್ರ ನಿಂತು, ಉಸಿರು ಏರಿದರೆ ಕಷಾಯಕ್ಕೆ ಒಲೆ ಹಚ್ಚುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.