ಅಯ್ಯನವರು ವರ್ಗವಾಗುತ್ತಾರೆ, ಸಭೆ ಇಲ್ಲೇ ಇರುತ್ತದೆ

ನಮ್ಮ ಮೆಥೋಡಿಸ್ಟ್ ಸಭೆಯಲ್ಲಿ, ಅಂದರೆ ಚರ್ಚಿನ ಕೂಟದಲ್ಲಿ, ಪಾಸ್ಟರ್ ಅಯ್ಯನವರ ವರ್ಗಾವಣೆಯ ಸುದ್ದಿ ಬಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಹೊಸಬರು ಹೇಗಂತೆ?" ಪ್ರಸಂಗ (ಬೋಧನೆ) ಚೆನ್ನಾಗಿ ಮಾಡ್ತಾರಾ, ಮನೆಗೆ ಬರ್ತಾರಾ, ಅಮ್ಮನವರು (ಪಾಸ್ಟರ ಹೆಂಡತಿ) ಮಾತಾಡಿಸ್ತಾರಾ? ಕೇಳುವುದರಲ್ಲಿ ತಪ್ಪಿಲ್ಲ. ಆದರೆ ನಮ್ಮಲ್ಲಿ ಪಾಸ್ಟರನ್ನು ಸಭೆ ಆರಿಸಿಕೊಳ್ಳುವುದಿಲ್ಲ, ಬಿಷಪ್ ಕಳಿಸುತ್ತಾರೆ. ಆ ಪ್ರದೇಶದ ಸಭೆಗಳೆಲ್ಲ ಸೇರುವ ರೀಜನಲ್ ಕಾನ್ಫರೆನ್ಸಿನಲ್ಲಿ ನೇಮಕದ ಪಟ್ಟಿ ಓದಿದ ಮೇಲೆ ಗಂಟುಮೂಟೆ ಕಟ್ಟುವುದೇ. ಬೋಧಕ ಒಂದೇ ಊರಿಗೆ ಅಂಟಿಕೊಳ್ಳಬಾರದು, ಸುತ್ತುತ್ತಿರಬೇಕು ಎಂಬುದು 18ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಮೆಥೋಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯ ಕಾಲದಿಂದ ಬಂದ ಪದ್ಧತಿ. ಹಾಗಿದ್ದ ಮೇಲೆ ಹೊಸಬರನ್ನು ಬರಮಾಡಿಕೊಳ್ಳುವ ಸಭೆ ಎಂಬ ಹೆಸರು ಉಳಿಯುವುದು ಪಾಸ್ಟರಿಂದಲ್ಲ. ಬಾಗಿಲಲ್ಲಿ ನಿಲ್ಲುವವರು, ಹತ್ತು-ಹನ್ನೆರಡು ಮನೆಗಳ ಯೋಗಕ್ಷೇಮ ವಿಚಾರಿಸುವ ಕ್ಲಾಸ್ ಲೀಡರು, ಸಭೆಯ ಏರ್ಪಾಟು ನೋಡುವ ಸ್ಟೀವರ್ಡ್, ಗಂಟೆ ಬಾರಿಸುವವರು, ಇವರಿಂದ ಉಳಿಯುತ್ತದೆ. ಇವರ ಕೆಲಸವನ್ನು ನಾವು 'ಸಹಾಯ' ಅಂತ ಕರೆದು ಕೈತೊಳೆದುಕೊಳ್ಳುತ್ತೇವೆ. ಅದು ಸಹಾಯವಲ್ಲ, ಸಭೆಯ ಮೂಲ ಕೆಲಸವೇ ಅದು.

ಮೊದಲು ಒಂದು ಗೊಂದಲ ಬಗೆಹರಿಸೋಣ. "ಹಡ್ಸನ್ ಚರ್ಚೂ ಮೆಥೋಡಿಸ್ಟೇ ಅಲ್ವಾ?" ಅಂತ ಬೆಂಗಳೂರಿನಲ್ಲಿ ಬಹಳ ಜನ ಕೇಳುತ್ತಾರೆ. 1904ರಲ್ಲಿ ಅದನ್ನು ಕಟ್ಟಿದ್ದು ಬ್ರಿಟಿಷ್ ವೆಸ್ಲಿಯನ್ ಮಿಷನ್. ಆ ಧಾರೆ 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದೊಳಗೆ ಸೇರಿತು. ಇಂದಿನ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಅಮೆರಿಕದ ಮೆಥೋಡಿಸ್ಟರ ಕಡೆಯಿಂದ ಬಂದದ್ದು, ಬಾಲ್ಡ್‌ವಿನ್ ಶಾಲೆಗಳ ಬೇರೂ ಅಲ್ಲೇ. 1981ರಲ್ಲಿ ಅದು ಸ್ವಾಯತ್ತ ಸಭೆಯಾಯಿತು. ಕರ್ನಾಟಕದಲ್ಲಿ ಅದರ ಕನ್ನಡ ಸಭೆಗಳು ಹೆಚ್ಚಾಗಿರುವುದು ಬೀದರ್, ಕಲಬುರಗಿ, ರಾಯಚೂರು, ಬೆಳಗಾವಿ, ಕೋಲಾರದ ಕಡೆ. ಅಲ್ಲಿಂದ ಓದಲಿಕ್ಕೆ, ನರ್ಸಿಂಗಿಗೆ, ಕಟ್ಟಡದ ಕೆಲಸಕ್ಕೆ, ಐಟಿ ಕೆಲಸಕ್ಕೆ ಬಂದವರೇ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಅನುಮಾನಿಸುತ್ತ ನಿಲ್ಲುವುದು.

ಅವರಿಗೆ ಮೊದಲು ಸಿಗಬೇಕಾದವರು ಕ್ಲಾಸ್ ಲೀಡರ್. ಈ ಹುದ್ದೆ ಹುಟ್ಟಿದ್ದು ಸಾಲದಿಂದ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನ ಪ್ರಾರ್ಥನಾ ಮನೆಯ ಕಟ್ಟಡದ ಸಾಲ ಹೇಗೆ ತೀರಿಸುವುದು ಅಂತ ಎಲ್ಲ ಕೂತಿದ್ದಾಗ, ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಅಂದರು ಕ್ಯಾಪ್ಟನ್ ಫೋಯ್ ಎಂಬವರು. ಬಡವರಿಗೆ ಅದೂ ಆಗದು ಅಂತ ಆಕ್ಷೇಪ ಬಂತು. ಹಾಗಾದರೆ ತೀರಾ ಬಡವರಾದ 11 ಜನರನ್ನು ನನ್ನ ಪಾಲಿಗೆ ಬಿಡಿ, ಅವರು ಕೊಡಲಾಗದ್ದನ್ನು ನಾನು ತುಂಬುತ್ತೇನೆ ಅಂದರು. ಹೀಗೆ ವಸೂಲಿಗೆ ಮನೆಮನೆಗೆ ಹೋದವರ ಕಣ್ಣಿಗೆ ಬಿದ್ದದ್ದು ಹಣವಲ್ಲ, ಮನೆಯೊಳಗಿನ ಬದುಕು. ಇದೇ ತಮಗೆ ಬೇಕಾಗಿದ್ದದ್ದು ಅಂತ ವೆಸ್ಲಿಗೆ ಆಗ ಹೊಳೆಯಿತು. ವೆಸ್ಲಿಯ 1743ರ ಸಾಮಾನ್ಯ ನಿಯಮಗಳಲ್ಲಿ ಲೀಡರ ಕೆಲಸ ಸ್ಪಷ್ಟವಾಗಿದೆ: ಒಂದು ಕ್ಲಾಸಿಗೆ ಸುಮಾರು 12 ಜನ, ಪ್ರತಿಯೊಬ್ಬರನ್ನೂ ವಾರಕ್ಕೊಮ್ಮೆಯಾದರೂ ಕಂಡು ಆತ್ಮದ ಕ್ಷೇಮ ವಿಚಾರಿಸುವುದು, ಬಡವರಿಗಾಗಿ ಕೊಟ್ಟದ್ದನ್ನು ಪಡೆಯುವುದು, ಯಾರಿಗೆ ಕಾಯಿಲೆ ಎಂಬುದನ್ನು ಬೋಧಕರಿಗೆ ತಿಳಿಸುವುದು.

ಇದನ್ನು ಬೆಂಗಳೂರಿನ ಲೆಕ್ಕಕ್ಕೆ ತಂದು ನೋಡಿ. ಸಭೆಯಲ್ಲಿ 120 ಮನೆ ಇದ್ದರೆ 10 ಕ್ಲಾಸು. ಹಂಚುವುದು ಅಕ್ಷರಮಾಲೆಯಂತೆ ಅಲ್ಲ, ನಂಟಸ್ತಿಕೆಯಂತೆ ಅಂತೂ ಅಲ್ಲವೇ ಅಲ್ಲ, ಬಸ್ಸು ಹೋಗುವ ದಾರಿಯಂತೆ. ಕೆ.ಆರ್. ಪುರದವರು ಒಂದು, ಕೆಂಗೇರಿಯವರು ಒಂದು, ಹೆಬ್ಬಾಳದ ಕಡೆಯವರು ಒಂದು. ಒಬ್ಬ ಲೀಡರಿಗೆ 12 ಮನೆ ಬಂದರೆ ದಿನಕ್ಕೆ ಎರಡು ಫೋನು ಮಾಡಿದರೂ ವಾರದಲ್ಲಿ ಎಲ್ಲರನ್ನೂ ವಿಚಾರಿಸಿದ ಹಾಗೆ. ವಾರಕ್ಕೊಂದು ಮನೆಗೆ ಹೋದರೆ ಮೂರು ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲೂ ಇದು ಆಗುವ ಕೆಲಸ. 120 ಮನೆ ಒಬ್ಬ ಪಾಸ್ಟರ ಕೈಯಲ್ಲಿ ಆಗುವ ಕೆಲಸವಲ್ಲ.

ಕೆಡುವುದು ಎಲ್ಲಿ ಅಂದರೆ, ಲೀಡರ್ ಬರೀ ಚಂದಾ ಎತ್ತುವವರಾಗಿಬಿಡುವಲ್ಲಿ. ಕಾಣಿಕೆಯ ಕವರು ಕೇಳಲು ಮಾತ್ರ ಬರುವವರಿಗೆ ಮನೆಯವರು ಬಾಗಿಲು ಪೂರ್ತಿ ತೆರೆಯುವುದಿಲ್ಲ. ಕವರಿನ ಲೆಕ್ಕ ಖಜಾಂಚಿಯ ಪಾಲಿಗಿರಲಿ. ಎರಡನೆಯದು, ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗುವುದು. ಒಮ್ಮೆ ಹಾಗಾದರೆ ಆ ಕ್ಲಾಸು ವರ್ಷಗಟ್ಟಲೆ ಎದ್ದೇಳುವುದಿಲ್ಲ. ಮೂರನೆಯದು, ವಾಟ್ಸಾಪ್ ಗುಂಪು ಇದೆಯಲ್ಲ ಅಂತ ಕೈಕಟ್ಟಿ ಕೂರುವುದು. ಕಷ್ಟದಲ್ಲಿರುವವರು ಗುಂಪಿನಲ್ಲಿ ಬರೆಯುವುದಿಲ್ಲ, ಬರೆಯುವುದನ್ನು ನಿಲ್ಲಿಸುತ್ತಾರೆ. ಎರಡು ಭಾನುವಾರ ಕಾಣದವರ ಹೆಸರು ಬುಧವಾರದೊಳಗೆ ಪಾಸ್ಟರಿಗೆ ಮುಟ್ಟಬೇಕು.

ಬಾಗಿಲಿನ ಕೆಲಸಕ್ಕೆ ಬರೋಣ. ಆರಾಧನೆಗೆ 30 ನಿಮಿಷ ಮೊದಲು ಇಬ್ಬರು ಬೇಕು: ಒಬ್ಬರು ಗೇಟಿಗೆ, ಒಬ್ಬರು ಬಾಗಿಲಿಗೆ. ಒಂದೇ ಕಟ್ಟಡದಲ್ಲಿ ಇಂಗ್ಲಿಷ್, ಕನ್ನಡ, ತಮಿಳು ಅಂತ ಒಂದರ ಹಿಂದೊಂದು ಆರಾಧನೆ ನಡೆಯುವ ಕಡೆ ನಡುವಿನ 15-20 ನಿಮಿಷವೇ ಇಡೀ ದಿನದ ಕಷ್ಟದ ಹೊತ್ತು. ಹೊರಡುವವರ ಗಾಡಿ, ಬರುವವರ ಗಾಡಿ, ಎರಡು ಭಾಷೆಯ ಕೀರ್ತನೆ ಪುಸ್ತಕ ಒಂದೇ ಬೆಂಚಿನ ಮೇಲೆ. ಹೊಸಬರು ಕಳೆದುಹೋಗುವುದು ಆಗಲೇ. ಅವರಿಗೆ ಸತ್ಯವೇದ (ಬೈಬಲ್), ಕೀರ್ತನೆ ಪುಸ್ತಕ ಎರಡನ್ನೂ ಕೈಗೆ ಕೊಟ್ಟು, ಮೊದಲ ಕೀರ್ತನೆಯ ಪುಟ ತೆರೆದುಕೊಟ್ಟು, ನಡುವಿನ ಸಾಲಿನಲ್ಲಿ ಅಭ್ಯಾಸವಿರುವ ಯಾರಾದರೊಬ್ಬರ ಪಕ್ಕ ಕೂರಿಸಿ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಪಕ್ಕದವರನ್ನು ನೋಡಿ ತಿಳಿಯುತ್ತದೆ. ದಯವಿಟ್ಟು ಅವರನ್ನು ಎಬ್ಬಿಸಿ ಮೈಕಿನಲ್ಲಿ ಪರಿಚಯ ಮಾಡಿಸಬೇಡಿ. ನೂರು ಜನರ ಮುಂದೆ ಎದ್ದು ನಿಲ್ಲುವುದು ಅಪರಿಚಿತರಿಗೆ ಶಿಕ್ಷೆ. ಹೆಸರು, ಇರುವ ಏರಿಯಾ, ಫೋನ್ ನಂಬರ್ ಮೂರನ್ನೇ ಚಹಾ ಕುಡಿಯುವಾಗ ಕೇಳಿ ಬರೆದುಕೊಳ್ಳಿ. ಸಂಜೆಯೊಳಗೆ ಆ ಏರಿಯಾದ ಲೀಡರಿಗೆ ಕಳಿಸಿ.

ಇನ್ನೊಂದು ಪ್ರಶ್ನೆ ಬಾಗಿಲಲ್ಲಿ ಕೇಳಲೇಬಾರದು: "ನೀವು ಯಾವ ಜನ?" ನೇರವಾಗಿ ಯಾರೂ ಕೇಳುವುದಿಲ್ಲ ನಿಜ. "ಊರಲ್ಲಿ ಯಾವ ಕಡೆ ಮನೆ?", "ಯಾರ ಪೈಕಿ?", "ಹೆಂಡತಿ ಕಡೆಯವರು ಯಾರು?" ಅಂತ ಸುತ್ತಿ ಬಳಸಿ ಕೇಳುತ್ತಾರೆ. ಬೀದರ್, ಕಲಬುರಗಿ ಕಡೆಯ ನಮ್ಮ ಸಭೆಗಳ ಬಹುಪಾಲು ಜನರ ಹಿರಿಯರು ದಲಿತ ಕೇರಿಗಳಿಂದ ಬಂದವರು. ಈ ಪ್ರಶ್ನೆಯ ವಾಸನೆ ಅವರ ಮಕ್ಕಳಿಗೆ ಮೊದಲ ಪದಕ್ಕೇ ಸಿಗುತ್ತದೆ. ಕರ್ತನ ಮೇಜಿಗೆ, ಅಂದರೆ ಯೇಸುವಿನ ನೆನಪಿನ ರೊಟ್ಟಿ ದ್ರಾಕ್ಷಾರಸಕ್ಕೆ, ಎಲ್ಲರೂ ಬನ್ನಿ ಅಂತ ಒಳಗೆ ಕರೆದು, ಬಾಗಿಲಲ್ಲಿ ಜಾತಿ ಹುಡುಕುವ ಸಭೆಯನ್ನು ನಾನು ಸಭೆ ಅನ್ನುವುದಿಲ್ಲ. ವೆಸ್ಲಿಗೆ ಚರ್ಚಿನ ಬಾಗಿಲುಗಳು ಮುಚ್ಚಿದಾಗ, 1739ರಲ್ಲಿ ಅವರು ಬ್ರಿಸ್ಟಲಿನ ಬಯಲಿನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳ ಮುಂದೆ ನಿಂತು ಬೋಧಿಸಿದರು. ನಮ್ಮ ಹುಟ್ಟೇ ಬಾಗಿಲ ಹೊರಗಿನದು.

ಆ ಮೇಜಿನ, ಅಂದರೆ ಕರ್ತನ ಭೋಜನದ, ಹಿಂದಿನ ದುಡಿಮೆ ಕಣ್ಣಿಗೆ ಕಾಣುವುದೇ ಇಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮಲ್ಲಿ ಬಳಸುವುದು ಹುಳಿಯದ ದ್ರಾಕ್ಷಾರಸ. 1869ರಲ್ಲಿ ಅಮೆರಿಕದ ವೈನ್‌ಲ್ಯಾಂಡಿನಲ್ಲಿ ಥಾಮಸ್ ವೆಲ್ಚ್ ಎಂಬ ಮೆಥೋಡಿಸ್ಟ್ ದಂತವೈದ್ಯ, ರಸವನ್ನು ಬಾಟಲಿಯಲ್ಲೇ ಕುದಿನೀರಿನಲ್ಲಿಟ್ಟು ಯೀಸ್ಟ್ ಕೊಂದು, ಇದೇ ಮೇಜಿಗಾಗಿ ಮೊದಲು ಮಾಡಿದರು. ನಮಗೆ ದೇವನಹಳ್ಳಿ, ಚಿಕ್ಕಬಳ್ಳಾಪುರದ ಬೆಂಗಳೂರು ನೀಲಿ ದ್ರಾಕ್ಷಿ ಇದ್ದೇ ಇದೆ, ಬಣ್ಣಕ್ಕೂ ಘಮಕ್ಕೂ ಅದಕ್ಕೆ ಸಮ ಇಲ್ಲ. ಒಬ್ಬೊಬ್ಬರಿಗೆ ಕೊಡುವ ಪುಟ್ಟ ಲೋಟಕ್ಕೆ 8 ಮಿಲಿ ಹಿಡಿದರೆ 40 ಲೋಟದ ತಟ್ಟೆಗೆ 320 ಮಿಲಿ. 200 ಜನಕ್ಕೆ ಐದು ತಟ್ಟೆ, 1.6 ಲೀಟರು. ಚೆಲ್ಲುವುದನ್ನೂ ಸೇರಿಸಿ 2 ಲೀಟರು ಮಾಡಿಕೊಳ್ಳಿ, ಸುಮಾರು ಮೂರೂವರೆ ಕೆಜಿ ಹಣ್ಣು ಬೇಕು. ತೊಟ್ಟು ಬಿಡಿಸಿ ತೊಳೆದು, ಒಂದು ದೊಡ್ಡ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಸಿಪ್ಪೆ ಬಿರಿಯುವವರೆಗೆ 15 ನಿಮಿಷ ಬೇಯಿಸಿ, ಬಿಳಿ ಬಟ್ಟೆಯಲ್ಲಿ ತಾನಾಗಿ ಸೋರಲು ಬಿಡಿ. ಹಿಂಡಿದರೆ ಬೀಜದ ಒಗರು ಇಳಿದು ರಸ ಕದಡುತ್ತದೆ. ಸೋಸಿದ್ದನ್ನು ಇನ್ನೊಮ್ಮೆ ಹಬೆಯಾಡುವಷ್ಟು ಬಿಸಿ ಮಾಡಿ, ಕುದಿನೀರಿನಲ್ಲಿ ತೊಳೆದ ಬಾಟಲಿಗೆ ಬಿಸಿಯಿರುವಾಗಲೇ ತುಂಬಿ, ತಣಿದ ಮೇಲೆ ಫ್ರಿಜ್ಜಿನಲ್ಲಿಡಿ. ಬೇಯಿಸದ ರಸ ಎರಡೇ ದಿನಕ್ಕೆ ನೊರೆಯೇಳುತ್ತದೆ, ಏಕೆಂದರೆ ಯೀಸ್ಟು ಹಣ್ಣಿನ ಸಿಪ್ಪೆಯ ಮೇಲೆಯೇ ಕೂತಿರುತ್ತದೆ. ಲೋಟ ತುಂಬುವುದು ಭಾನುವಾರ ಬೆಳಿಗ್ಗೆ. ಶನಿವಾರ ರಾತ್ರಿ ತುಂಬಿಟ್ಟರೆ ಇರುವೆಗಳಿಗೆ ಹಬ್ಬ. ಮುಕ್ಕಾಲು ಮಟ್ಟ ಸಾಕು. ಅಂಚಿನವರೆಗೆ ತುಂಬಿದರೆ ಮುದುಕರ ನಡುಗುವ ಕೈಯಿಂದ ಬಿಳಿ ಬಟ್ಟೆಗೆ ಬೀಳುತ್ತದೆ, ಆ ಕಲೆ ಹೋಗುವುದಿಲ್ಲ. ರೊಟ್ಟಿ ಹಿಂದಿನ ದಿನದ್ದಾಗಿರಲಿ, ಹೊಸದು ಪುಡಿಯಾಗುತ್ತದೆ. ಅಂಚು ತೆಗೆದು ಒಂದು ಸೆಂಟಿಮೀಟರ್ ತುಂಡು ಮಾಡುವುದು ಮಾತ್ರ ಅಂದೇ ಬೆಳಿಗ್ಗೆ.

ಭೋಜನಕ್ಕೆ ಮುಂದೆ ಬಂದು ಮೊಣಕಾಲೂರಲು ಆಗದವರು ಯಾರು ಎಂಬುದು ಸ್ಟೀವರ್ಡಿಗೆ ಮೊದಲೇ ಗೊತ್ತಿರಬೇಕು. ಅವರು ಕೂತಲ್ಲಿಗೇ ತಟ್ಟೆ ಹೋಗಬೇಕು, ಕೊನೆಗಲ್ಲ, ಮೊದಲಿಗೇ.

ಸಭೆ ಎಂಥದ್ದು ಅಂತ ನಿಜವಾಗಿ ಗೊತ್ತಾಗುವುದು ಸಾವಿನ ಮನೆಯಲ್ಲಿ. ಬೆಂಗಳೂರಿನಲ್ಲಿ ನಂಟರಿಲ್ಲದ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಜೀವ ಹೋದರೆ ಬೇಕಾಗುವುದು ಪ್ರಸಂಗವಲ್ಲ. ಮನೆಯಲ್ಲಿ ತೀರಿಕೊಂಡಿದ್ದರೆ ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪತ್ರ, ಅಂದರೆ ನಮೂನೆ 4ಎ, ಬೇಕು. ಆಸ್ಪತ್ರೆಯಲ್ಲಾದರೆ ನಮೂನೆ 4 ಅವರೇ ಕೊಡುತ್ತಾರೆ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಕುಟುಂಬದ ಹಳೆಯ ಸಮಾಧಿಯನ್ನೇ ತೆರೆಸಬೇಕೆಂದರೆ ಹಳೆಯ ರಸೀದಿ, ಸಮಾಧಿಯ ಸಂಖ್ಯೆ ಹುಡುಕಬೇಕು. ಪೆಟ್ಟಿಗೆ, ಗಾಡಿ, ಐಸು, ಬಂದವರಿಗೆ ನೀರು. ಸಾವಿನ ನೋಂದಣಿಗೆ 21 ದಿನದ ಗಡುವು. ದುಃಖದಲ್ಲಿ ಮರೆತು ಆಮೇಲೆ ಪಿಂಚಣಿ, ವಿಮೆಗೆ ಅಲೆಯುವವರು ಬಹಳ. ಇದಕ್ಕೆ ಪ್ರತಿ ಸಭೆಯಲ್ಲಿ ಇಬ್ಬರ ಹೆಸರು, ನಂಬರ್ ನೋಟಿಸ್ ಬೋರ್ಡಿನಲ್ಲಿ ಇರಬೇಕು.

ಹಣದ ಬಗ್ಗೆ ಚಿಕ್ಕದಾಗಿ: ಕಾಣಿಕೆ ಎಣಿಸುವವರು ಒಂದೇ ಮನೆಯವರಲ್ಲದ ಇಬ್ಬರು. ಎಣಿಸಿದಲ್ಲೇ ಇಬ್ಬರ ಸಹಿ, ಸೋಮವಾರ ಬ್ಯಾಂಕಿಗೆ. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸಭೆಯ ಖಾತೆಗೇ ಹೋಗಬೇಕು, ಎಷ್ಟೇ ನಂಬಿಗಸ್ತರಾದರೂ ಯಾರದೋ ಸ್ವಂತ ಖಾತೆಗಲ್ಲ.

ಪಾಸ್ಟರ್ ಹೊರಡುವಾಗ ನಾವು ಹಾರ, ಶಾಲು, ಊಟ ಎಲ್ಲ ಮಾಡುತ್ತೇವೆ. ಅದರ ಜೊತೆ ನಾಲ್ಕು ಪುಟದ ಒಂದು ಪಟ್ಟಿಯೂ ಕೈ ಬದಲಾಗಲಿ: ಹಾಸಿಗೆ ಹಿಡಿದವರು, ಡಯಾಲಿಸಿಸಿಗೆ ಹೋಗುವವರು, ಈ ವರ್ಷ ಮನೆಯಲ್ಲಿ ಸಾವು ಕಂಡವರು, ಮೂರು ಭಾನುವಾರ ಓದಬೇಕಾದ ವಿವಾಹ ಪ್ರಕಟಣೆ ಎರಡಕ್ಕೆ ನಿಂತಿರುವ ಜೋಡಿ, ಬೇರೆ ಸಭೆಯಿಂದ ವರ್ಗಾವಣೆ ಪತ್ರ ಬರಬೇಕಾದವರು. ಗುಟ್ಟಾಗಿ ಹೇಳಿಕೊಂಡ ಮಾತು ಅದರಲ್ಲಿ ಬರಬಾರದು. ಈ ಪಟ್ಟಿ ಇಲ್ಲದಿದ್ದರೆ ಹೊಸ ಪಾಸ್ಟರಿಗೆ ಇದೆಲ್ಲ ತಿಳಿಯಲು ಆರು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಕೆಲವರು ಸಭೆ ಬಿಟ್ಟಿರುತ್ತಾರೆ. ಪಾಸ್ಟರ ಹೆಂಡತಿಯನ್ನು ಸಂಬಳವಿಲ್ಲದ ಎರಡನೇ ಪಾಸ್ಟರೆಂದು ಎಣಿಸುವುದನ್ನೂ ಬಿಡಬೇಕು. ಆಕೆಗೆ ತನ್ನದೇ ಉದ್ಯೋಗ ಇರಬಹುದು. ಸ್ತ್ರೀಯರ ಸಂಘಕ್ಕೆ ಅಧ್ಯಕ್ಷೆಯನ್ನು ಸಂಘವೇ ಬೆಳೆಸಿಕೊಳ್ಳಲಿ.

ಕೊನೆಗೆ ಗಂಟೆ ಬಾರಿಸುವವರು. ಬೆಳಿಗ್ಗೆ ಆರಕ್ಕೆ ಗೇಟು ತೆರೆದು, ಬೆಂಚು ಒರೆಸಿ, ಟ್ಯಾಂಕಿಗೆ ನೀರು ಬಿಟ್ಟು, ಮೂರು ಆರಾಧನೆಗೂ ಗಂಟೆ ಬಾರಿಸಿ, ಕಡೆಯ ಗಾಡಿ ಹೊರಟ ಮೇಲೆ ಬೀಗ ಹಾಕುವವರು ಅವರೇ. ಹೊಸಬರು ಆ ಸಭೆಯಲ್ಲಿ ಮೊದಲು ನೋಡುವ ಮುಖವೂ ಬಹಳ ಸಲ ಅವರದ್ದೇ. ಅವರ ಸಂಬಳ ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದರೆ ಮುಂದಿನ ಕಮಿಟಿಯಲ್ಲಿ ಹೊಸ ಸೌಂಡ್ ಸಿಸ್ಟಂ ಮಾತು ಎತ್ತುವ ಮೊದಲು ಅದನ್ನು ಸರಿಮಾಡಿ. ವಾರಕ್ಕೊಂದು ಪೂರ್ತಿ ರಜೆ, ಸೋಮವಾರವೇ ಇರಲಿ, ಬರೆದುಕೊಡಿ. ಆ ದಿನ ಗೇಟಿನ ಬೀಗದಕೈ ಸ್ಟೀವರ್ಡುಗಳಲ್ಲಿ ಒಬ್ಬರ ಹತ್ತಿರ ಇರಲಿ, ಅವರ ನಂಬರ್ ಗೇಟಿನ ಮೇಲಿರಲಿ.