ಕಲ್ಲೋ ಕಳ್ಳೋ, ಕಂಪ್ಯೂಟರನ್ನೇ ಕೇಳಿ

ಮೊನ್ನೆ ಒಂದು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳಿದೆ. 'ಸರ್ವರ್ ಡೌನ್ ಸಾರ್' ಅಂದ ಹುಡುಗ. ಪುಸ್ತಕ ಅವನ ಬೆನ್ನ ಹಿಂದಿನ ಕಪಾಟಿನಲ್ಲೇ ಕೂತಿತ್ತು. ನನಗೂ ಕಾಣುತ್ತಿತ್ತು, ಅವನಿಗೂ ಗೊತ್ತಿತ್ತು. ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಅಷ್ಟೇ.

'ಓದುಗನ ಸಮಯ ಉಳಿಸಿ' ಎಂದು 1931ರಲ್ಲೇ ಸೂತ್ರ ಬರೆದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್, 1962ರಲ್ಲಿ ಗ್ರಂಥಪಾಲಕರಿಗೆ ತರಬೇತಿ ಕೊಡುವ ಸಂಸ್ಥೆ ಡಿಆರ್‌ಟಿಸಿ ಕಟ್ಟಿದ್ದು ಇದೇ ಬೆಂಗಳೂರಿನಲ್ಲಿ. ನಾವೇನು ಸಾಮಾನ್ಯರೇ?

ಎಂಬತ್ತರ ದಶಕದಲ್ಲಿ ಯುನೆಸ್ಕೊ, ಪುಸ್ತಕಗಳ ಪಟ್ಟಿ ಇಡುವ ಸಿಡಿಎಸ್-ಐಸಿಸ್ ತಂತ್ರಾಂಶವನ್ನು ಪುಕ್ಕಟೆ ಹಂಚಿತು. ಸರಿ, ಕಂಪ್ಯೂಟರೂ ಬಂತು. ಅದಕ್ಕೊಂದು ಎಸಿ ಕೋಣೆ, ಹೊದಿಸಲು ವಸ್ತ್ರ, ಚಪ್ಪಲಿ ಹೊರಗೆ. ಮಂಗಳಾರತಿ ಒಂದು ಬಾಕಿ. ನಾನು ಗ್ರಂಥಾಲಯ ವಿಜ್ಞಾನ ಓದಿದ ಕಡೆ ಮೇಷ್ಟ್ರು ಕರಿಹಲಗೆಯ ಮೇಲೆ ಕೀಬೋರ್ಡ್ ಬರೆದು, ಸೀಮೆಸುಣ್ಣದಲ್ಲೇ ಎಂಟರ್ ಒತ್ತುತ್ತಿದ್ದರು. ನಮಗೆಲ್ಲ ಫಸ್ಟ್ ಕ್ಲಾಸ್.

ಅಮೆರಿಕದ ಒಹಾಯೊದವರದು ಬೇರೆಯೇ ಕಥೆ. 1971ರಲ್ಲಿ ಗ್ರಂಥಾಲಯಗಳ ಸಹಕಾರಿ ಕೂಟವಾದ ಒಸಿಎಲ್‌ಸಿಯ ಆನ್‌ಲೈನ್ ವ್ಯವಸ್ಥೆ ಶುರು ಮಾಡಿದವರು ಅದರಿಂದ ಪುಸ್ತಕಪಟ್ಟಿಯ ಕಾರ್ಡುಗಳನ್ನೇ ಅಚ್ಚು ಹಾಕಿಸಿಕೊಂಡರು. ಕೊನೆಯ ಕಾರ್ಡು ಹೊರಬಿದ್ದದ್ದು 2015ರಲ್ಲಂತೆ. ಪಾಪ, ಪುಕ್ಕಲರು. ನಾನು ಕಂಡ ಒಂದು ಗ್ರಂಥಾಲಯದಲ್ಲಿ ಕಂಪ್ಯೂಟರ್ ಬಂದ ವಾರವೇ ಕಾರ್ಡುಗಳನ್ನೆಲ್ಲ ತೂಕಕ್ಕೆ ಹಾಕಿದರು. ಪುಸ್ತಕ ನಮೂದಿಸುವುದು ಆಮೇಲೆ ನೋಡಿಕೊಂಡರಾಯಿತಲ್ಲ!

ಆಮೇಲೆ ನಮೂದಿಸಿದರು ಅನ್ನಿ. ಆ ಕಂಪ್ಯೂಟರಿಗೆ ಕನ್ನಡ ಬಾರದು, ಹಾಗಾಗಿ ಕನ್ನಡ ಪುಸ್ತಕಗಳೆಲ್ಲ ರೋಮನ್ ಲಿಪಿಗೆ ಮತಾಂತರವಾದವು. ಅಲ್ಲಿ ಳಕಾರವೂ ಒಂದೇ ಲಕಾರವೂ ಒಂದೇ. ಹಳ್ಳಿ ಹುಡುಕಿದರೆ ಹಲ್ಲಿ ಸಿಕ್ಕಿತು. ಕಲ್ಲಿನ ಶಿಲ್ಪ ಹುಡುಕಿದವನಿಗೆ ಕಳ್ಳಿನ ಅಬಕಾರಿ ವರದಿ. ಅವನು ವಾಪಸ್ ಕೊಡಲಿಲ್ಲ ಎಂದು ಕೇಳಿದ್ದೇನೆ. ಈಗ ಯುನಿಕೋಡ್ ಇದೆ. ಹಳೇ ಹಲ್ಲಿಗಳು ಮಾತ್ರ ಇನ್ನೂ ಗೋಡೆ ಬಿಟ್ಟಿಲ್ಲ. ತಿದ್ದುವವರು ಬೇಕಲ್ಲ?

ನಗು ಬರುತ್ತಿಲ್ಲ ನನಗೆ. ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಅದು ಗ್ರಂಥಾಲಯ ಮುಟ್ಟದೆ ಬಾಕಿ ಬಿದ್ದಿದೆ ಎಂಬ ಸುದ್ದಿಯನ್ನು ಎಷ್ಟು ವರ್ಷ ಓದುವುದು? ಯಂತ್ರಕ್ಕೆ ಟೆಂಡರ್ ಉಂಟು, ಉದ್ಘಾಟನೆ ಉಂಟು, ರಿಬ್ಬನ್ ಉಂಟು. ಅದರ ಮುಂದೆ ಕೂರುವ ಹುಡುಗ ಹೊರಗುತ್ತಿಗೆ. ಮೂರು ತಿಂಗಳಿಂದ ಸಂಬಳ ಬಂದಿಲ್ಲ ಅಂದ, ಅದೂ ನಾನು ಕೇಳಿದ್ದಕ್ಕೆ.

ಕೊನೆಗೆ ನಾನೇ ಕೈಚಾಚಿ ಪುಸ್ತಕ ತೆಗೆದೆ. ಹುಡುಗ ಹೌಹಾರಿ ಎದ್ದು ನಿಂತ.

'ಬೇಡಿ ಸಾರ್, ಅದು ಸಿಸ್ಟಮ್‌ನಲ್ಲೇ ಇಲ್ಲ. ನೀವು ತಗೊಂಡು ಹೋದರೆ, ನಾನು ವಾಪಸ್ ತಗೊಳ್ಳೋದು ಹೇಗೆ?'