ಆಕಾಶ ಇನ್ನೊಂಚೂರು ಪ್ರೀಮಿಯಂ ಇರಲಿ

ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುವ ಆಸೆ ಇದೆಯಾ? ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆಯ ಯಾವುದಾದರೂ ಹೊಸ ಅಪಾರ್ಟ್‌ಮೆಂಟಿನ ಬ್ರೋಷರ್ ತೆರೆಯಿರಿ. ನಾಲ್ಕು ಟವರ್, ನಾಲ್ಕಕ್ಕೂ ನಾಲ್ಕು ದಿಕ್ಕಿನಿಂದಲೂ ಸಂಜೆಯ ಹೊಂಬಿಸಿಲು. ಅದೇ ಪುಟದ ಮೂಲೆಯಲ್ಲಿ 'ನೂರಕ್ಕೆ ನೂರು ವಾಸ್ತು' ಎಂದೂ ಬರೆದಿರುತ್ತದೆ. ದಿಕ್ಕು ಯಾವುದು ಅಂತ ಸೂರ್ಯನನ್ನು ಮಾತ್ರ ಯಾರೂ ಕೇಳಿಲ್ಲ.

ಇನ್ನೂ ಕಟ್ಟದ ಕಟ್ಟಡವನ್ನು ಕಟ್ಟಿ ಮುಗಿಸಿದಂತೆ ತೋರಿಸುವ, ಕಂಪ್ಯೂಟರಿನಲ್ಲಿ ಮಾಡಿದ ಈ ಚಿತ್ರಗಳಿಗೆ ಡಿಸೈನ್ ಆಫೀಸಿನಲ್ಲಿ ರೆಂಡರ್ ಅನ್ನುತ್ತಾರೆ. ಆರ್ಕಿಟೆಕ್ಟ್ ಕೊಟ್ಟ ಪ್ಲಾನನ್ನು ಸ್ಕೆಚ್‌ಅಪ್‌ನಲ್ಲೋ ತ್ರೀಡಿಎಸ್ ಮ್ಯಾಕ್ಸ್‌ನಲ್ಲೋ ಎಬ್ಬಿಸಿ ನಿಲ್ಲಿಸಬೇಕು. ವಿ-ರೇ, ಲೂಮಿಯನ್ ಥರದ ಸಾಫ್ಟ್‌ವೇರಿನಲ್ಲಿ ಬೆಳಕು ಬಿಡಬೇಕು. ಕೊನೆಗೆ ಫೋಟೋಶಾಪ್‌ನಲ್ಲಿ ಮೋಡ, ಮರ, ಮನುಷ್ಯರು. ಸುಲಭದ ಕೆಲಸ ಅಲ್ಲ. ಗಾಜಿನ ಮೇಲೆ ಬಿದ್ದ ನೆರಳು, ಒದ್ದೆ ಕಲ್ಲಿನ ಹೊಳಪು, ಇವನ್ನೆಲ್ಲ ಮಾಡುವ ಹುಡುಗರ ಕೈಗೆ ನಿಜಕ್ಕೂ ನಮಸ್ಕಾರ ಹೇಳಬೇಕು. ಅವರು ನಿದ್ದೆಗೆಟ್ಟು ಮಾಡಿದ್ದನ್ನು ಬೆಳಿಗ್ಗೆ ಕ್ಲೈಂಟ್, ಅಂದರೆ ಬಿಲ್ಡರ್, ಮೊಬೈಲಿನಲ್ಲೇ ನೋಡಿ ಫೋನ್ ಮಾಡುತ್ತಾನೆ.

"ಬ್ರೋ, ಚೆನ್ನಾಗಿದೆ. ಆದ್ರೆ ಆಕಾಶ ಇನ್ನೊಂಚೂರು ಪ್ರೀಮಿಯಂ ಇರಲಿ."

"ಸರ್, ಪ್ರೀಮಿಯಂ ಅಂದ್ರೆ?"

"ಸಿಂಗಾಪುರ ಥರ. ಮತ್ತೆ ಆ ಟ್ರಾನ್ಸ್‌ಫಾರ್ಮರ್ ಯಾಕೆ ಹಾಕಿದೀರಾ?"

"ಸೈಟ್ ಮುಂದೆ ಇದೆಯಲ್ವಾ ಸರ್."

"ಸೈಟ್ ಮುಂದೆ ಇರಲಿ ಬಿಡಿ. ಚಿತ್ರದಲ್ಲಿ ಯಾಕಿರಬೇಕು?"

ಟ್ರಾನ್ಸ್‌ಫಾರ್ಮರ್ ಹೋಯಿತು. ಅದರ ಹಿಂದೆ ತೂಗಾಡುತ್ತಿದ್ದ ಕೇಬಲ್‌ಗಳು ಹೋದವು. ಪಕ್ಕದ ಪಿಜಿ, ಎದುರಿನ ಚಿಕನ್ ಅಂಗಡಿ, ದಿನವಿಡೀ ಕಿರಗುಟ್ಟುವ ಗ್ರಾನೈಟ್ ಗೋಡೌನ್, ಮೂಲೆಯ ಕಸದ ರಾಶಿ, ರಾಶಿಯ ಮೇಲಿನ ನಾಯಿಗಳು ಎಲ್ಲವೂ ಹೋದವು. ಆ ಜಾಗದಲ್ಲಿ ಹಸಿರು ಹುಲ್ಲು. ರಾಜಕಾಲುವೆ ಒತ್ತುವರಿ ತೆರವು ಮಾಡಲು ಪಾಲಿಕೆಗೆ ಜೆಸಿಬಿ ಬೇಕು, ಪೊಲೀಸರು ಬೇಕು, ಅಷ್ಟರಲ್ಲಿ ಕೋರ್ಟಿನ ತಡೆಯಾಜ್ಞೆ ಬಂದಿರುತ್ತದೆ. ನಮ್ಮ ಹುಡುಗ ಇಡೀ ಬಡಾವಣೆಯನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ತೆರವು ಮಾಡಿದ. ಒಬ್ಬರಿಗೂ ನೋಟಿಸ್ ಇಲ್ಲ, ಪರಿಹಾರವೂ ಇಲ್ಲ. ಇವನನ್ನೇ ಯಾಕೆ ಕಮಿಷನರ್ ಮಾಡಬಾರದು?

ಮನೆಯ ಒಳಗಿನ ಚಿತ್ರ ಇನ್ನೂ ದೊಡ್ಡ ಮಾಯೆ. ಬೆಡ್‌ರೂಮ್ ಹತ್ತಡಿಗೆ ಹನ್ನೊಂದಡಿ. ಅಲ್ಲಿ ನಿಂತು ಫೋಟೋ ತೆಗೆದರೆ ಅರ್ಧ ಮಂಚ ಕಂಡರೆ ಹೆಚ್ಚು. ಆದರೆ ಕಂಪ್ಯೂಟರಿನ ಕ್ಯಾಮೆರಾಗೆ ಗೋಡೆಯ ಹಂಗಿಲ್ಲ. ಅದನ್ನು ಗೋಡೆಯಾಚೆ, ಅಂದರೆ ಪಕ್ಕದ ಫ್ಲ್ಯಾಟಿನ ಅಡುಗೆಮನೆಯಲ್ಲೋ ಹತ್ತನೇ ಮಹಡಿಯ ಗಾಳಿಯಲ್ಲೋ ಇಟ್ಟು, ನಡುವಿನ ಗೋಡೆ ಕಾಣದಂತೆ ಮಾಡಿ, ವೈಡ್ ಲೆನ್ಸ್ ಹಾಕುತ್ತಾರೆ. ಮಂಚವನ್ನು ಒಂಚೂರು ಕುಗ್ಗಿಸುತ್ತಾರೆ. ರೂಮಿನಲ್ಲಿ ಈಗ ನಾಮಕರಣ ಮಾಡಬಹುದು, ಐವತ್ತು ಜನಕ್ಕೆ ಪಂಕ್ತಿ ಊಟವನ್ನೂ ಹಾಕಬಹುದು. ಇದೇ ವಿದ್ಯೆ ಎಷ್ಟೋ ಕಡೆ ಸ್ಯಾಂಪಲ್ ಫ್ಲ್ಯಾಟಿಗೂ ಬಂದಿದೆ. ಅಲ್ಲಿ ಕೋಣೆಗಳಿಗೆ ಬಾಗಿಲೇ ಇರುವುದಿಲ್ಲ, ಗಮನಿಸಿದ್ದೀರಾ? ಬಾಗಿಲು ತೆರೆದರೆ ಅದು ವಾರ್ಡ್‌ರೋಬಿಗೆ ಬಡಿಯುತ್ತದೆ ಎಂಬ ಗುಟ್ಟು ಗೃಹಪ್ರವೇಶದ ನಂತರ ತಿಳಿದರೆ ಸಾಕು.

ಮರಗಳ ಕಥೆ ಕೇಳಿ. ಸಾಫ್ಟ್‌ವೇರ್ ಲೈಬ್ರರಿಯಲ್ಲಿ, ಅಂದರೆ ಅದರ ರೆಡಿಮೇಡ್ ಚಿತ್ರಗಳ ಸಂಗ್ರಹದಲ್ಲಿ, ಕೈಗೆ ಮೊದಲು ಸಿಗುವುದು ಮೇಪಲ್ಲು, ಬರ್ಚು. ಹೊಂಗೆ, ಬೇವು ಬೇಕೆಂದರೆ ಹುಡುಕಬೇಕು, ಹುಡುಕುವಷ್ಟು ಟೈಮು ಕ್ಲೈಂಟ್ ಕೊಡುವುದಿಲ್ಲ. ಹಾಗಾಗಿ ದೇವನಹಳ್ಳಿಯಲ್ಲಿ ಕೆನಡಾದ ಶರತ್ಕಾಲ ಬರುತ್ತದೆ. ಅದೂ ಎಲ್ಲಿ? ಎರಡು ಅಂತಸ್ತಿನ ಪಾರ್ಕಿಂಗ್‌ನ ಸ್ಲ್ಯಾಬಿನ ಮೇಲೆ. ಅಲ್ಲಿ ಹಾಕುವ ತೆಳು ಪದರದ ಮಣ್ಣಿನಲ್ಲಿ ದಾಸವಾಳ ಬದುಕಿದರೆ ಪುಣ್ಯ. ಚಿತ್ರದಲ್ಲಿ ಅದೇ ಮಣ್ಣಿನಿಂದ ಐದನೇ ಮಹಡಿ ಮುಟ್ಟುವ ಮರಗಳು ಎದ್ದಿರುತ್ತವೆ.

ಮನುಷ್ಯರೂ ಲೈಬ್ರರಿಯವರೇ. ಹೊಂಗೂದಲಿನ ಹೆಂಗಸೊಬ್ಬಳು ಮಗುವಿನ ತಳ್ಳುಗಾಡಿ ಹಿಡಿದು ಹೊರಟಿದ್ದಾಳೆ. ಯಲಹಂಕದ ಬ್ರೋಷರಿನಲ್ಲೂ ಅವಳೇ, ಮೈಸೂರಿನ ಬಡಾವಣೆಯಲ್ಲೂ ಅವಳೇ, ಹುಬ್ಬಳ್ಳಿಯ ಮಾಲ್ ಮುಂದೆಯೂ ಅವಳೇ. ಮಗು ಮಾತ್ರ ಬೆಳೆದೇ ಇಲ್ಲ. ಬಾಲ್ಕನಿಯಲ್ಲಿ ಒಣಹಾಕಿದ ಪಂಚೆ, ಹಪ್ಪಳ, ಎಸಿಯ ಡಬ್ಬ, ಅಜ್ಜಿ, ಇದ್ಯಾವುದಕ್ಕೂ ಆ ಊರಿನಲ್ಲಿ ಪ್ರವೇಶವಿಲ್ಲ. ನೀರಿನ ಟ್ಯಾಂಕರ್ ಅಂತೂ ಕೇಳಲೇಬೇಡಿ. 2024ರ ಬೇಸಿಗೆಯಲ್ಲಿ ಇಡೀ ಬೆಂಗಳೂರು ಟ್ಯಾಂಕರ್ ಚಾಲಕನನ್ನು ದೇವರಂತೆ ಕಾದಿತ್ತು. ಬ್ರೋಷರಿನ ಈಜುಕೊಳದಲ್ಲಿ ಆಗಲೂ ನೀರು ದಂಡೆ ಮೀರಿ ಚೆಲ್ಲುತ್ತಿತ್ತು.

'ಲೇಕ್ ವ್ಯೂ' ಅಂದರೆ ದರ ಜಾಸ್ತಿ. ಚಿತ್ರದ ಕೆರೆ ನೀಲಿ, ಅದರಲ್ಲಿ ಹಂಸ. ಬೆಳ್ಳಂದೂರು ಕೆರೆಗೆ 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿ ಬಿದ್ದಿತ್ತು. ನೊರೆ ರಸ್ತೆಗೂ ಹಾರಿ ಬರುತ್ತಿತ್ತು. ಕೆರೆಯ ನೋಟ ಅಂದರೆ ಅದೂ ನೋಟವೇ ತಾನೆ? 2022ರ ಸೆಪ್ಟೆಂಬರ್ ಮಳೆಗೆ ಯಮಲೂರು ಕಡೆಯ ಕೋಟ್ಯಂತರ ರೂಪಾಯಿಯ ವಿಲ್ಲಾಗಳಿಗೆ ಕೆರೆ ತಾನೇ ನಡೆದು ಬಂತು. ಜನ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ರೆಂಡರಿನಲ್ಲಿ ಮಳೆ ಬರುವುದೇ ಇಲ್ಲ. ಬಂದರೂ ರಸ್ತೆ ಹೊಳೆಯಲು ಬೇಕಾದಷ್ಟೇ.

ಮೆಟ್ರೋ ವಿಷಯದಲ್ಲಂತೂ ಚಿತ್ರ ಯಾವಾಗಲೂ ರೈಲಿಗಿಂತ ಮುಂದೆ. ಬೊಮ್ಮಸಂದ್ರದ ಹಳದಿ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಬ್ರೋಷರುಗಳಲ್ಲಿ ಅದು ಎಷ್ಟೋ ವರ್ಷಗಳಿಂದ 'ಐದೇ ನಿಮಿಷ' ದೂರದಲ್ಲಿತ್ತು.

ಇಷ್ಟೆಲ್ಲ ಆದ ಮೇಲೆ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ವಾಕ್ಯ: ಇದು ಕಲಾವಿದರ ಕಲ್ಪನೆ, ನಿಜವಾದ ಕಟ್ಟಡ ಬೇರೆಯಾಗಿರಬಹುದು. ನನಗೆ ಕೋಪ ಬರುವುದು ಇಲ್ಲಿ. ಬ್ರೋಷರಿನಲ್ಲಿ ಕಂಪನಿಯ ಹೆಸರಿದೆ, ಆರ್ಕಿಟೆಕ್ಟ್ ಹೆಸರಿದೆ, ಸಾಲ ಕೊಡುವ ಬ್ಯಾಂಕಿನ ಹೆಸರಿದೆ. ಚಿತ್ರ ಮಾಡಿದ ಹುಡುಗನ ಹೆಸರು ಎಲ್ಲೂ ಇಲ್ಲ. ಸುಳ್ಳಿನ ಹೊಣೆ ಹೊರುವಾಗ ಮಾತ್ರ ಅವನು ದಿಢೀರನೆ ಕಲಾವಿದ! ಆಕಾಶ ಪ್ರೀಮಿಯಂ ಇರಲಿ ಅಂದವನು ಯಾರು, ಅವನ ಕಲ್ಪನೆಯಾ?

ಕಾನೂನು ಇದನ್ನು ಅಷ್ಟು ಸುಲಭವಾಗಿ ಬಿಟ್ಟಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಮನೆಯಲ್ಲಿನ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಬೇಡವೆಂದು ಹೊರಬಂದರೆ ಬಡ್ಡಿ ಸಮೇತ ಹಣ ವಾಪಸ್. ಹಾಗಾಗಿ ಬ್ರೋಷರನ್ನು ಸೇಲ್ ಅಗ್ರಿಮೆಂಟ್ ಜೊತೆಗೇ ಕಟ್ಟಿಡಿ.

ಮೊನ್ನೆ ಮಗಳಿಗೆ ಫ್ಲ್ಯಾಟ್ ನೋಡಲು ಹೊರಟ ನಿವೃತ್ತ ಮೇಷ್ಟ್ರ ಜೊತೆ ನಾನೂ ಹೋಗಿದ್ದೆ. ಅವರು ಕನ್ನಡಕ ಏರಿಸಿ, ಸೇಲ್ಸ್ ಹುಡುಗನ ಮುಂದೆ ಚಿತ್ರದ ಮೇಲೆ ಬೆರಳಿಟ್ಟರು.

"ಅಲ್ಲಪ್ಪಾ, ಈ ಮರ ನೆಡ್ತೀರಾ?"

"ಸರ್, ಅದು ಇಂಡಿಕೇಟಿವ್."

"ಈ ಕೊಳ?"

"ಫೇಸ್ ಟೂನಲ್ಲಿ ಬರುತ್ತೆ ಸರ್."

"ಈ ರಸ್ತೆ?"

"ಅದು ಸರ್ಕಾರ ಮಾಡ್ಬೇಕು ಸರ್."

"ಮತ್ತೆ ಈ ರೇಟು?"

"ಅದು ಆಕ್ಚುವಲ್ ಸರ್. ಜಿಎಸ್‌ಟಿ, ರಿಜಿಸ್ಟ್ರೇಷನ್ ಎಕ್ಸ್‌ಟ್ರಾ."